ಬೆಳ್ಳಿಗೆ ಹರಳು ಕೂರಿಸುವ ಕೆಲಸ: ನಾನೇ ಕಲಿಯಲಾ, ಅಕ್ಕಸಾಲಿಗರ ಕೈಲಿ ಮಾಡಿಸಲಾ?

ಗುಬ್ಬಿಗೇಟ್ ಮಣಿಸರ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು. ಕೆಲವು ವರ್ಷಗಳಿಂದ ಮಣಿ ಪೋಣಿಸಿ, ತಂತಿ ಸುತ್ತಿ ಓಲೆ, ಸರ ಮಾಡುತ್ತಿದ್ದೇನೆ. ಕಾಲೇಜು ಹುಡುಗಿಯರು, ಬ್ಯಾಂಕಿಗೆ ಹೋಗುವ ಅಕ್ಕಂದಿರು ಕೊಳ್ಳುತ್ತಾರೆ. ಈಗ ಅವರೇ "ಬೆಳ್ಳಿಯಲ್ಲಿ ಮಾಡಿಕೊಡಿ, ನಿಜವಾದ ಹರಳು ಹಾಕಿ" ಅಂತ ಕೇಳಲು ಶುರು ಮಾಡಿದ್ದಾರೆ.

ನನಗೆ ಅಂಗಡಿಯ ಮಾದರಿಯನ್ನೇ ಮತ್ತೆ ಮಾಡುವ ಆಸೆ ಇಲ್ಲ. ನಮ್ಮ ಹೊಲದಲ್ಲಿ, ಬೇಲಿಯಲ್ಲಿ ಕಣ್ಣಿಗೆ ಬೀಳುವುದನ್ನೇ ಒಡವೆ ಮಾಡಬೇಕು ಅಂತ ಇದೆ. ಸದ್ಯಕ್ಕೆ ಒಂದು ರಾಗಿ ತೆನೆ ಬರೆದಿದ್ದೇನೆ, ಪೆಂಡೆಂಟಿಗೆ. ತೆನೆಯ ಎಸಳು ಒಳಕ್ಕೆ ಬಾಗಿ ಮುಷ್ಟಿ ಹಿಡಿದ ಹಾಗೆ ಇರುತ್ತದಲ್ಲ, ಅದರ ಮೇಲೆ ಸಾಲಾಗಿ ಸಾಸಿವೆಗಿಂತ ಸಣ್ಣ ಬೆಳ್ಳಿ ಗುಂಡು, ಮಧ್ಯದಲ್ಲಿ ಒಂದೇ ಒಂದು ಕಡುಗೆಂಪು ಗಾರ್ನೆಟ್.

ನಮ್ಮೂರಿನ ಚಿಕ್ಕಪೇಟೆಯಲ್ಲಿ ಒಬ್ಬರು ವಯಸ್ಸಾದ ಅಕ್ಕಸಾಲಿಗರಿದ್ದಾರೆ. ಅವರಿಗೆ ಹಾಳೆ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿ, ಎಸಳು ಕಡ್ಡಿಗೆ ಸೇರುವ ಜಾಗದ ಮೇಲೆ ಉಗುರಿಟ್ಟು, "ಇಲ್ಲಿ ಮುರಿಯುತ್ತೆ ಕಣಮ್ಮಾ, ಹಿಂದೆ ಒಂದು ತಗಡು ಕೊಡಬೇಕು" ಅಂದರು. ಆಮೇಲೆ ತಾವಾಗಿಯೇ "ಮಧ್ಯಾಹ್ನ ಬಿಡುವಿರುತ್ತೆ, ಬಂದು ಕೂತ್ಕೊ, ತೋರಿಸ್ತೀನಿ" ಅಂತಲೂ ಹೇಳಿದರು. ಇನ್ನೊಂದು ಕಡೆ ಆನ್‌ಲೈನ್ ಕೋರ್ಸ್ ಇದೆ, ಸಲಕರಣೆ ಡಬ್ಬಿ ಸಮೇತ, ದುಡ್ಡು ಜಾಸ್ತಿ. ಮೂರನೆಯ ದಾರಿ, ನಾನು ಬರೆದು ಕೊಡುವುದು, ಅವರು ಮಾಡಿಕೊಡುವುದು. ಯಾವುದು ಸರಿ?

ಹರಳಿನ ಬಗ್ಗೆಯೂ ಹೇಳಿ. ಶುರುವಿಗೆ ಯಾವ ಕಲ್ಲು ಒಳ್ಳೆಯದು, ಅಂಗಡಿಯಲ್ಲಿ ನೋಡಿ ಆರಿಸುವುದು ಹೇಗೆ? ಇನ್ನೊಂದು, ಮನೆಯಲ್ಲಿ ಗ್ಯಾಸ್ ಟಾರ್ಚ್ ಅಂದರೆ ಅಮ್ಮ ಹೆದರುತ್ತಾರೆ. ಅವರ ಭಯ ಸುಮ್ನೆ ಅಲ್ಲ ಅಂತ ನನಗೂ ಗೊತ್ತು.

ಚಿಂತಾಮಣಿ ಕುಲುಮೆ

ಅಕ್ಕಾ, ಯೋಚನೆ ಮಾಡಬೇಡಿ, ಹೋಗಿ ಅವರ ಪಕ್ಕ ಕೂತುಕೊಳ್ಳಿ. ನಮ್ಮದು ತಾತನ ಕಾಲದಿಂದ ಇದೇ ಕೆಲಸ. ಹೊರಗಿನವರನ್ನು ಕರೆದು ಪಕ್ಕ ಕೂರಿಸಿಕೊಳ್ಳುವ ಅಕ್ಕಸಾಲಿಗರು ಸಿಗುವುದು ಅಪರೂಪ. ಅದರಲ್ಲೂ ಹೆಣ್ಣುಮಗಳನ್ನು. ನಮ್ಮ ಮನೆಯ ಹೆಂಗಸರು ಪೋಣಿಸುತ್ತಿದ್ದರು, ಅಂಟುವಾಳದ ನೀರಲ್ಲಿ ಒಡವೆ ತೊಳೆಯುತ್ತಿದ್ದರು, ತೂಕದ ಲೆಕ್ಕ ಇಡುತ್ತಿದ್ದರು, ಆದರೆ ಬೆಂಕಿ ಮುಂದೆ ಅವರನ್ನು ಯಾರೂ ಕೂರಿಸಲಿಲ್ಲ. ಆ ಹಿರಿಯರು ಕರೆದಿದ್ದಾರೆ ಅಂದರೆ ನನಗಂತೂ ತುಂಬಾ ಖುಷಿ.

ವಿಡಿಯೋದಲ್ಲಿ ಕೈ ಚೆನ್ನಾಗಿ ಕಾಣುತ್ತದೆ, ಲೋಹದ ಬಣ್ಣ ಕಾಣುವುದಿಲ್ಲ. ಕ್ಯಾಮೆರಾ ಬೆಳಕನ್ನು ತಾನೇ ಬದಲಾಯಿಸಿಕೊಳ್ಳುತ್ತದೆ. ನಮ್ಮ ಕೆಲಸವೆಲ್ಲ ಬಣ್ಣ ನೋಡಿಯೇ ನಡೆಯುವುದು. ಮಬ್ಬು ಬೆಳಕಲ್ಲಿ ಬೆಳ್ಳಿ ಮಂದವಾಗಿ ಕೆಂಪಾದರೆ ಹದ ಬಂತು, ಇನ್ನು ಬಾಗಿಸಬಹುದು ಅಂತ ಅರ್ಥ. ಅದನ್ನೂ ದಾಟಿ ಮೈ ಫಳಫಳ ಅನ್ನಲು ಶುರುವಾದರೆ ಕರಗುವ ಹೊತ್ತು, ತಕ್ಷಣ ಬೆಂಕಿ ತೆಗೆಯಬೇಕು. ಶುದ್ಧ ಬೆಳ್ಳಿ ಕರಗುವುದು 961 ಡಿಗ್ರಿಗೆ. ಒಡವೆಗೆ ಬಳಸುವ 92.5 ಬೆಳ್ಳಿ ಅಂದರೆ ನೂರಕ್ಕೆ ತೊಂಬತ್ತೆರಡೂವರೆ ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಅದು 800 ಡಿಗ್ರಿ ದಾಟಿದ ಮೇಲೆಯೇ ಮೆತ್ತಗಾಗುತ್ತಾ ಬರುತ್ತದೆ. ಈ ಅಂತರ ಕಣ್ಣಿಗೆ ಅಭ್ಯಾಸವಾಗಬೇಕಾದರೆ ಇನ್ನೊಬ್ಬರ ಪಕ್ಕ ಕೂತು ನೋಡಬೇಕು, ಅವರು "ಈಗ" ಅಂದಾಗ ನೋಡಬೇಕು.

ಹರಳು ಕೂರಿಸುವುದನ್ನು ಕೇಳಿದಿರಿ. ಮೇಲೆ ಉಬ್ಬು, ಕೆಳಗೆ ಚಪ್ಪಟೆ ಇರುವ ಗಾರ್ನೆಟ್ ತಗೊಳ್ಳಿ, ಮುಖ ಮುಖ ಕೊಯ್ದದ್ದು ಆಮೇಲೆ. ಹರಳಿನ ಸುತ್ತ ಬರುವ ಪಟ್ಟಿಗೆ 92.5 ಬೇಡ, ಶುದ್ಧ ಬೆಳ್ಳಿ ತಗಡೇ ಬೇಕು, ಕಾಲು ಮಿಲಿಮೀಟರಿಗಿಂತ ಒಂದು ಚೂರು ದಪ್ಪ ಇದ್ದರೆ ಸಾಕು. ಅದು ಮೃದು, ಒತ್ತಿದ ಕಡೆ ಬಾಗುತ್ತದೆ, ಕಾಯಿಸಿದರೆ ಕಪ್ಪಾಗುವುದಿಲ್ಲ. ಪಟ್ಟಿಯನ್ನು ಹರಳಿಗೆ ಸುತ್ತಿ, ಗುರುತು ಹಾಕಿ, ಕತ್ತರಿಸಿ, ಎರಡೂ ತುದಿಯನ್ನು ಅರದಿಂದ ಉಜ್ಜಿ ಸೇರಿಸಬೇಕು. ಸೇರಿಸಿದ ಮೇಲೆ ಕಿಟಕಿ ಕಡೆ ಹಿಡಿದು ನೋಡಿ, ಸಂದಿಯಲ್ಲಿ ಬೆಳಕು ತೂರಿದರೆ ಮತ್ತೆ ಉಜ್ಜಿ. ಬೆಸುಗೆ ಸಂದಿಯನ್ನು ತುಂಬುವುದಿಲ್ಲ, ತಾಗಿಕೊಂಡಿರುವುದನ್ನು ಮಾತ್ರ ಹಿಡಿಯುತ್ತದೆ. ಬಿಳಿಗಾರವನ್ನು ನೀರಲ್ಲಿ ತೇಯ್ದು ಹಚ್ಚಿ, ಬೆಸುಗೆಯ ಚೂರು ಇಟ್ಟು, ಪೂರ್ತಿ ಮಾಲನ್ನು ಕಾಯಿಸಿ, ಬರೀ ಸಂದಿಗೆ ಉರಿ ಹಿಡಿಯಬೇಡಿ. ಮೊದಲ ಬೆಸುಗೆಗೆ ಹಾರ್ಡ್, ಆಮೇಲೆ ಮೀಡಿಯಂ, ಕೊನೆಗೆ ಈಸಿ. ಒಂದಕ್ಕಿಂತ ಒಂದು ಕಡಿಮೆ ಬಿಸಿಗೆ ಕರಗುವುದರಿಂದ ಮುಂದಿನದು ಹಾಕುವಾಗ ಹಿಂದಿನದು ಬಿಚ್ಚಿಕೊಳ್ಳುವುದಿಲ್ಲ. ತವರದ ಬೆಸುಗೆಯನ್ನು ಮಾತ್ರ ಬೆಳ್ಳಿ ಹತ್ತಿರ ತರಲೇಬೇಡಿ, ಅದರ ಮೇಲೆ ಮತ್ತೆ ಕಾಯಿಸಿದರೆ ಬೆಳ್ಳಿಯನ್ನೇ ತಿಂದು ಗುಳಿ ಮಾಡುತ್ತದೆ.

ಪಟ್ಟಿಯ ಎತ್ತರ ಹರಳಿನ ಉಬ್ಬು ಒಳಕ್ಕೆ ತಿರುಗುವ ಜಾಗಕ್ಕಿಂತ ಸ್ವಲ್ಪ ಮೇಲೆ ಬಂದರೆ ಸಾಕು. ಜಾಸ್ತಿ ಬಿಟ್ಟರೆ ಹರಳೂ ಮುಚ್ಚುತ್ತದೆ, ಪಟ್ಟಿಯೂ ಸುಕ್ಕಾಗುತ್ತದೆ. ಒತ್ತುವಾಗ ಸುತ್ತಲೂ ವರಸೆಯಾಗಿ ಹೋಗಬಾರದು. ಒಂದು ಕಡೆ ಒತ್ತಿ, ನೇರ ಎದುರಿಗೆ ಒತ್ತಿ, ಆಮೇಲೆ ಅಡ್ಡ, ಅದರ ಎದುರು. ಹೀಗೆ ಮಾಡಿದರೆ ಹೆಚ್ಚಾದ ಬೆಳ್ಳಿ ಎಲ್ಲ ಕಡೆ ಹಂಚಿಹೋಗುತ್ತದೆ, ಇಲ್ಲದಿದ್ದರೆ ಒಂದೇ ಕಡೆ ಮಡಿಕೆ ಬೀಳುತ್ತದೆ.

ಹರಳು ಕೂರುವುದು ಎಲ್ಲಕ್ಕಿಂತ ಕೊನೆಗೆ. ಲೋಹಗಳಲ್ಲೆಲ್ಲ ಬಿಸಿಯನ್ನು ಬೇಗ ಸಾಗಿಸುವುದು ಬೆಳ್ಳಿಯೇ. ಒಂದು ತುದಿಗೆ ಉರಿ ತೋರಿಸಿದರೆ ಇನ್ನೊಂದು ತುದಿಯ ಕಲ್ಲಿಗೂ ತಲುಪುತ್ತದೆ. ಆದ್ದರಿಂದ ಗುಂಡು, ತಗಡು, ಕೊಂಡಿ ಎಲ್ಲ ಬೆಸೆದು, ಆಸಿಡ್ ನೀರಲ್ಲಿ ಹಾಕಿ ತೆಗೆದು, ತೊಳೆದು, ಮೆರುಗು ಕೊಟ್ಟ ಮೇಲೆ ಹರಳು.

ನಿಮ್ಮ ಸಣ್ಣ ಗುಂಡು ಮಾಡುವುದು ಸುಲಭ. ಇದ್ದಿಲ ಮೇಲೆ ತೆಳು ತಂತಿಯ ಒಂದೇ ಅಳತೆಯ ಚೂರು ಇಟ್ಟು ಕಾಯಿಸಿದರೆ ತಾನಾಗಿಯೇ ಉಂಡೆಯಾಗುತ್ತದೆ. ಅದನ್ನು ಎಸಳ ಮೇಲೆ ಸಾಲಾಗಿ ನಿಲ್ಲಿಸಿ ಬೆಸೆಯುವುದು ಕಷ್ಟ, ಅದಕ್ಕೆ ಕೈ ಪಳಗಬೇಕು.

ಅಮ್ಮನವರಿಗೆ ಹೇಳಿ: ಹಾಸಿಗೆ, ಪರದೆ ಇರುವ ಕೋಣೆಯಲ್ಲಿ ಸಿಲಿಂಡರ್ ಬೇಡ, ಕಿಟಕಿ ತೆರೆದಿರಬೇಕು, ಮೇಜಿನ ಮೇಲೆ ಬೆಂಕಿ ತಡೆಯುವ ಇಟ್ಟಿಗೆ ಇರಬೇಕು, ಕೂದಲು ಕಟ್ಟಿರಬೇಕು, ದುಪಟ್ಟಾ ಇರಬಾರದು. ಆಸಿಡ್ ಬಳಸಿದರೆ ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದೇ ಬೇಕು ಅಂತ ಕೇಳಿ ತಗೊಳ್ಳಿ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಹಾಳು ಮಾಡುತ್ತದೆ. ಹಳೆಯ ಅಂಗಡಿಗಳಲ್ಲಿ ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ನೀವು ಇಟ್ಟುಕೊಳ್ಳಿ. ಆ ಹಿರಿಯರಿಗೂ ಹೇಳಿ.

ಕೋಲಾರ ಹರಳು

ಬೆಂಕಿಯ ವಿಷಯ ಚಿಂತಾಮಣಿ ಅಣ್ಣ ಹೇಳಿದ್ದಾರೆ, ನಾನು ಕಲ್ಲಿನ ವಿಷಯ ಹೇಳುತ್ತೇನೆ.

ಗಾರ್ನೆಟ್ ಒಳ್ಳೆಯ ಆಯ್ಕೆ. ಬೆಲೆ ಕೈಗೆಟುಕುತ್ತದೆ, ಸಾಮಾನ್ಯವಾಗಿ ಬಣ್ಣ ಕಟ್ಟುವ, ಕಾಯಿಸುವ ಕಾಟ ಇರುವುದಿಲ್ಲ, ರಾಜಸ್ಥಾನ, ಒಡಿಶಾ ಕಡೆಯ ಕಲ್ಲು ಬೇಕಾದಷ್ಟು ಬರುತ್ತದೆ. ಗಡಸುತನದ ಪಟ್ಟಿಯಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9, ಸ್ಫಟಿಕ 7. ಗಾರ್ನೆಟ್ ಆರೂವರೆಯಿಂದ ಏಳೂವರೆ. ಈ 7 ಅನ್ನುವ ಅಂಕಿ ಮುಖ್ಯ, ಯಾಕೆಂದರೆ ನಮ್ಮ ಮನೆಯ ಧೂಳಿನಲ್ಲಿ ಇರುವುದೂ ಸ್ಫಟಿಕದ ಪುಡಿಯೇ. 7ಕ್ಕಿಂತ ಕಡಿಮೆ ಇರುವ ಕಲ್ಲನ್ನು ಧೂಳು ಬಿದ್ದ ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ನಿಧಾನಕ್ಕೆ ಮಂಕಾಗುತ್ತದೆ. ಚಂದ್ರಕಾಂತ ಶಿಲೆ 6ರ ಹತ್ತಿರ, ತಮಿಳುನಾಡಿನ ಕಾಂಗೇಯಂ ಕಡೆ ಚೆನ್ನಾಗಿರುವುದು ಸಿಗುತ್ತದೆ, ಪೆಂಡೆಂಟಿಗೆ, ಓಲೆಗೆ ಹಾಕಿ, ದಿನಾ ತೊಡುವ ಉಂಗುರಕ್ಕೆ ಬೇಡ. ಮುತ್ತು, ಹವಳ ಇನ್ನೂ ಮೆತ್ತಗೆ. ಅವಕ್ಕೆ ಆಸಿಡ್ ಸೋಕಲೇಬಾರದು, ಬೆವರು, ಸೆಂಟು ಕೂಡ ಆಗಿಬರುವುದಿಲ್ಲ.

ಮಾಣಿಕ್ಯ ಅಂತ ತುಂಬಾ ಕಡಿಮೆ ಬೆಲೆಗೆ, ದೊಡ್ಡ ಗಾತ್ರದಲ್ಲಿ, ಕೆಂಪಗೆ ಹೊಳೆಯುತ್ತಾ ಕಂಡರೆ ಹುಷಾರು. ಬಿರುಕಿರುವ ಕೆಳದರ್ಜೆಯ ಕಲ್ಲಿಗೆ ಸೀಸದ ಗಾಜು ತುಂಬಿ ಮಾರುತ್ತಾರೆ. ಕಲ್ಲೇನೋ ಮಾಣಿಕ್ಯವೇ, ಆದರೆ ಒಳಗಿನ ಗಾಜಿಗೆ ಟಾರ್ಚಿನ ಬಿಸಿಯೂ ಆಗದು, ಆಸಿಡ್ಡೂ ಆಗದು, ನಿಂಬೆರಸ ಕೂಡ ಅದನ್ನು ಕೊರೆಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೊಳ್ಳಿ, ಕಲ್ಲನ್ನು ಓರೆ ಮಾಡಿ ತಿರುಗಿಸಿ ನೋಡಿ. ಬಿರುಕಿನ ಉದ್ದಕ್ಕೂ ನೀಲಿ ಮಿಂಚು, ಚಪ್ಪಟೆ ಗುಳ್ಳೆ ಕಂಡರೆ ಬಿಟ್ಟುಬಿಡಿ.

ಇನ್ನೊಂದು ನಂಬಿಕೆ ನಮ್ಮ ಕಡೆ ತುಂಬಾ ಇದೆ, ಅಜ್ಜಿಯ ಓಲೆಯ ಕೆಂಪು ಅಂದರೆ ಗ್ಯಾರಂಟಿ ಅಸಲಿ ಅಂತ. ಹಾಗೇನಿಲ್ಲ. ಫ್ರಾನ್ಸಿನ ವೆರ್ನ್ಯೂಯಿ ಅನ್ನುವವರು ಉರಿಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಹೊರಗೆ ತಂದರು. ಅಲ್ಲಿಂದ ಈಚಿನ ಯಾವ ಒಡವೆಯಲ್ಲಿ ಬೇಕಾದರೂ ಅದು ಇರಬಹುದು. ಅಂಥ ಕಲ್ಲಿನೊಳಗೆ ಬೆಳೆದ ಗೆರೆ ಬಾಗಿರುತ್ತದೆ. ಭೂಮಿಯಲ್ಲಿ ಬೆಳೆದದ್ದರಲ್ಲಿ ಗೆರೆ ನೇರ, ಕೋನ ಕೋನವಾಗಿ ಸೇರುತ್ತದೆ. ಹಾಗಂತ ಬೆಳೆಸಿದ ಕಲ್ಲು ಕೆಟ್ಟದ್ದಲ್ಲ, ಏನು ಅಂತ ಹೇಳಿ ಮಾರಿದರೆ ಸಾಕು. ನೀವೂ ನಿಮ್ಮ ಗಿರಾಕಿಗೆ ಹೇಳಿಯೇ ಮಾರಿ. ಟರ್ಕಾಯ್ಸ್ ಅಂತ ಸಿಗುವ ಅಗ್ಗದ ನೀಲಿ ಕಲ್ಲು ಎಷ್ಟೋ ಸಲ ಹೌಲೈಟ್ ಅನ್ನುವ ಬಿಳಿ ಕಲ್ಲಿಗೆ ಬಣ್ಣ ಹಾಕಿದ್ದಾಗಿರುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಕೊಳ್ಳುವುದಕ್ಕೆ ಬೆಂಗಳೂರಿನ ಚಿಕ್ಕಪೇಟೆ, ನಗರ್ತಪೇಟೆ ಕಡೆ ಹೋಗಿ ಬನ್ನಿ, ಸಲಕರಣೆಯೂ ಅಲ್ಲೇ ಆಗುತ್ತದೆ. ಹಗಲಲ್ಲಿ ಹೋಗಿ, ಅಂಗಡಿಯ ಹಳದಿ ದೀಪದಿಂದ ಹೊರಗೆ ಬಾಗಿಲ ಹತ್ತಿರ ತಂದು ನೋಡಿ. "ಇದಕ್ಕೆ ಏನು ಮಾಡಿದ್ದೀರಿ, ಕಾಯಿಸಿದ್ದಾ, ಬಣ್ಣ ಹಾಕಿದ್ದಾ, ತುಂಬಿದ್ದಾ" ಅಂತ ನೇರವಾಗಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಳ್ಳೆಯ ವ್ಯಾಪಾರಿ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ರಾಶಿ, ಗ್ರಹದ ಲೆಕ್ಕದಲ್ಲಿ ಮಾರುವ ಕಡೆ ಬೆಲೆ ಬೇರೆಯೇ ಇರುತ್ತದೆ, ನಿಮ್ಮ ಕೆಲಸಕ್ಕೆ ಅದು ಬೇಡ.

ಕೊನೆಗೆ ನಮ್ಮೂರಿನ ಒಂದು ವಿಷಯ, ಯಾಕೆಂದರೆ ಇದನ್ನು ನನ್ನನ್ನು ತುಂಬಾ ಜನ ಕೇಳುತ್ತಾರೆ. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿ ಚಿನ್ನ ಇದ್ದದ್ದು ಸ್ಫಟಿಕದ ಕಲ್ಲಿನ ಪದರದಲ್ಲಿ. ಅದಕ್ಕೇ "ಕೆಜಿಎಫ್ ಕಲ್ಲು ಹಾಕಿ ಪೆಂಡೆಂಟ್ ಮಾಡೋಣ" ಅಂತ ಆಸೆ ಬರುವುದು ಸಹಜ. ಆದರೆ ಊರ ಸುತ್ತ ಇರುವ ಸೈನೈಡ್ ದಿಬ್ಬಗಳಿಂದ ಏನನ್ನೂ ತರಬೇಡಿ. ಅದು ಚಿನ್ನ ತೆಗೆಯಲು ರಾಸಾಯನಿಕ ಹಾಕಿ ಬಿಟ್ಟ ಪುಡಿ. ಗಾಳಿ ಎದ್ದರೆ ಅದರ ಧೂಳು ಅಲ್ಲಿನ ಜನಕ್ಕೆ ಇವತ್ತಿಗೂ ತೊಂದರೆಯೇ.

ತಿಪಟೂರು ಕೈಕೆಲಸ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಹೋಗಿ ಕೂತುಕೊಳ್ಳಿ, ನೋಡಿ, ಅದು ಸರಿ. ಆದರೆ ಎಲ್ಲವನ್ನೂ ನೀವೇ ಮಾಡಬೇಕು ಅಂತ ಯಾಕೆ? ಆ ಹಿರಿಯರ ಕೈಗೆ ಅಷ್ಟು ವರ್ಷದ ಅಭ್ಯಾಸ ಇದೆ. ನಿಮಗೆ ಬರೆಯುವ ಕಣ್ಣು ಇದೆ. ಬರೆಯುವವರೆಲ್ಲ ತಮ್ಮ ತಮ್ಮ ಟಾರ್ಚ್ ಕೊಂಡು ಕೂತರೆ ಅವರಿಗೆ ಕೆಲಸ ಎಲ್ಲಿಂದ ಬರಬೇಕು?

ಈಗ ಅವರ ಅಂಗಡಿಗೆ ಏನು ಬರುತ್ತದೆ ಅಂತ ಒಂದು ಮಧ್ಯಾಹ್ನ ಗಮನಿಸಿ. ಕಡಿದ ಚೈನು, ಸವೆದ ಕಾಲುಂಗುರ, ಮಗುವಿಗೆ ಕಿವಿ ಚುಚ್ಚುವುದು. ಹೊಸ ಒಡವೆಗೆ ಜನ ದೊಡ್ಡ ಷೋರೂಮಿಗೆ ಹೋಗುತ್ತಾರೆ, ಅಲ್ಲಿ ಇರುವುದು ಬಹಳಷ್ಟು ಅಚ್ಚಲ್ಲಿ ಎರಕ ಹೊಯ್ದು ಬಂದ ಮಾಲು. ನಿಮ್ಮ ರಾಗಿ ತೆನೆಯಂಥ ಒಂದು ಹಾಳೆ ಅವರ ಮುಂದೆ ಬಂದರೆ ಅವರಿಗೆ ಎಷ್ಟು ಸಂತೋಷ ಆಗಿರಬೇಕು ಯೋಚಿಸಿ. ಅದಕ್ಕೇ ಅಲ್ವಾ ಅವರು ತಾವಾಗಿ ಕರೆದದ್ದು?

ಆದರೆ ಮಾಡಿಸುವುದಾದರೆ ಸರಿಯಾಗಿ ಮಾಡಿಸಿ. ಬೆಳ್ಳಿ ಕೆಲಸಕ್ಕೆ ನಮ್ಮ ಕಡೆ ಗ್ರಾಮಿಗೆ ಇಷ್ಟು ಅಂತ ಕೂಲಿ. ಅದು ಗೆಜ್ಜೆ, ಸೊಂಟದ ಪಟ್ಟಿಗೆ ನಡೆಯುತ್ತದೆ. ಹತ್ತು ಗ್ರಾಮಿನ ಪೆಂಡೆಂಟಿಗೆ ಎರಡು ದಿನ ಗುಂಡು ಜೋಡಿಸುತ್ತಾ ಕೂತವರಿಗೆ ಗ್ರಾಮಿನ ಲೆಕ್ಕ ಕಟ್ಟಿದರೆ ಅನ್ಯಾಯ. ದಿನದ ಲೆಕ್ಕ ಮಾತಾಡಿ. ಮೊದಲ ಮಾದರಿಗೆ ಜಾಸ್ತಿ ಕೊಡಿ, ಏಕೆಂದರೆ ದಾರಿ ಹುಡುಕುವುದು ಅದರಲ್ಲೇ. ಮಾರುವಾಗ ಜೊತೆಗೆ ಕೊಡುವ ಚೀಟಿಯಲ್ಲಿ, ಅವರು ಒಪ್ಪಿದರೆ, ವಿನ್ಯಾಸ ನಿಮ್ಮದು, ಕೆಲಸ ಅವರದು ಅಂತ ಎರಡೂ ಹೆಸರು ಹಾಕಿ. ಆ ಹಾಳೆಯನ್ನು ಅವರು ಬೇರೆಯವರಿಗೆ ಮಾಡಿಕೊಡಬಾರದು, ಅವರು ಮಾಡಿದ ಮಾದರಿಯನ್ನು ನೀವು ಎರಕದ ಕಾರ್ಖಾನೆಗೆ ಕೊಟ್ಟು ನೂರು ತೆಗೆಸಬಾರದು. ಇದನ್ನು ಮೊದಲೇ ಮಾತಾಡಿ, ಸಾಧ್ಯವಾದರೆ ಬರೆದಿಡಿ.

ಚಿಂತಾಮಣಿ ಕುಲುಮೆ

ತಿಪಟೂರಿನ ಅಕ್ಕ ಹೇಳಿದ ಕೂಲಿ ಮಾತಿಗೆ ನನ್ನದು ನೂರಕ್ಕೆ ನೂರು ಒಪ್ಪಿಗೆ. ಒಂದು ಕಡೆ ಮಾತ್ರ ಒಪ್ಪುವುದಿಲ್ಲ. ಬೆಂಕಿ ಮುಂದೆ ಕೂರದವರು ಬರೆದ ಹಾಳೆ ನಮ್ಮ ಹತ್ತಿರ ದಿನಾ ಬರುತ್ತದೆ. ನೋಡಲು ಚೆಂದ, ಮಾಡಲು ಆಗುವುದಿಲ್ಲ. ಹರಳಿಗೆ ಒತ್ತುವ ಕಡ್ಡಿ ಹೋಗಲು ಜಾಗವೇ ಬಿಟ್ಟಿರುವುದಿಲ್ಲ, ಬೆಸುಗೆ ಹಾಕಿದ ಮೇಲೆ ಮೆರುಗು ಕೊಡಲು ಕೈ ತಲುಪುವುದಿಲ್ಲ. ಒಂದು ಸಾದಾ ಉಂಗುರ, ಒಂದು ಹರಳು ಕೂರಿಸಿದ ಓಲೆ, ಇಷ್ಟನ್ನು ಸ್ವಂತ ಕೈಯಲ್ಲಿ ಮಾಡಿ ಮುಗಿಸಿದ ಮೇಲೆ ಮಾಡಿಸಿ. ಆಗ ನಿಮ್ಮ ಹಾಳೆಯೇ ಬದಲಾಗುತ್ತದೆ, ಕೂಲಿ ಎಷ್ಟು ನ್ಯಾಯ ಅಂತಲೂ ಗೊತ್ತಾಗುತ್ತದೆ. ಕೆಲಸ ಕಸಿದುಕೊಂಡ ಹಾಗೆ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ನಮ್ಮ ಮಕ್ಕಳು ಈ ಪೀಠದ ಮೇಲೆ ಕೂರಲು ಒಪ್ಪುತ್ತಿಲ್ಲ, ಯಾರಾದರೂ ಕಲಿತರೆ ಸಾಕು ಅನ್ನಿಸುತ್ತದೆ.

ಆ ಹಿರಿಯರು ಪಿಎಂ ವಿಶ್ವಕರ್ಮ ಯೋಜನೆಗೆ ಹೆಸರು ಬರೆಸಿದ್ದಾರಾ ಕೇಳಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದದ್ದು. 18 ಕಸುಬುಗಳಲ್ಲಿ ಅಕ್ಕಸಾಲಿ ಕೆಲಸವೂ ಇದೆ. ಸಲಕರಣೆಗೆ 15,000 ರೂಪಾಯಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಆಮೇಲೆ ಅಡಮಾನ ಇಲ್ಲದೆ ಮೊದಲು 1 ಲಕ್ಷ, ಅದು ತೀರಿಸಿದರೆ 2 ಲಕ್ಷ ಸಾಲ, ಬಡ್ಡಿ 5%. ಒಂದು ಮನೆಯಲ್ಲಿ ಒಬ್ಬರಿಗೆ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಸರು ಬರೆಸಬೇಕು. ವಯಸ್ಸಾದವರಿಗೆ ಈ ಫೋನು, ಒಟಿಪಿ ಎಲ್ಲ ತಲೆನೋವು, ನೀವು ಜೊತೆಗೆ ಹೋದರೆ ಉಪಕಾರ.

ಶಿಡ್ಲಘಟ್ಟ ನೂಲು

ಮಣಿ ಪೋಣಿಸುತ್ತೀರಿ ಅಂದಿರಲ್ಲ, ಅದಕ್ಕೊಂದು ಮಾತು. ಮುತ್ತಿನ ಸರಕ್ಕೆ ನೈಲಾನ್ ಬಿಟ್ಟು ರೇಷ್ಮೆ ದಾರ ಬಳಸಿ ನೋಡಿ. ಪ್ರತಿ ಮುತ್ತಿನ ನಡುವೆ ಒಂದು ಗಂಟು ಹಾಕಿ. ಮುತ್ತು ಒಂದಕ್ಕೊಂದು ಉಜ್ಜಿ ಸವೆಯುವುದಿಲ್ಲ, ದಾರ ಕಡಿದರೂ ಒಂದೇ ಮುತ್ತು ಬೀಳುತ್ತದೆ. ರೇಷ್ಮೆ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಪೋಣಿಸುವ ಮೊದಲು ದಾರಕ್ಕೆ ಭಾರ ಕಟ್ಟಿ ಒಂದು ರಾತ್ರಿ ನೇತುಹಾಕಿ. ಹುರಿ ಬಿಗಿಯಾಗಿರುವ ದಾರವೇ ಬೇಕು, ಕಸೂತಿಯ ಸಡಿಲ ದಾರ ನಾರು ನಾರಾಗುತ್ತದೆ.

ಗುಬ್ಬಿಗೇಟ್ ಮಣಿಸರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣಾ, ಅಕ್ಕಾ, ನಿಮ್ಮಿಬ್ಬರ ಮಾತು ಸೇರಿಸಿ ಹೀಗೆ ಅಂದುಕೊಂಡಿದ್ದೇನೆ. ಸೋಮವಾರದಿಂದ ಮಧ್ಯಾಹ್ನ ಅಂಗಡಿಗೆ ಹೋಗುತ್ತೇನೆ. ಸಾದಾ ಓಲೆಯಿಂದ ಶುರು. ತೆನೆ ಪೆಂಡೆಂಟ್ ಮಾತ್ರ ಅವರ ಕೈಯಲ್ಲೇ ಆಗಲಿ, ದಿನದ ಲೆಕ್ಕದಲ್ಲಿ. ಬೆಂಕಿ ಕೆಲಸ ಸದ್ಯಕ್ಕೆ ಅಲ್ಲೇ, ಮನೆಗೆ ಟಾರ್ಚ್ ತರುವುದಿಲ್ಲ. ಯೋಜನೆ ವಿಷಯವನ್ನೂ ಅವರ ಹತ್ತಿರ ಕೇಳುತ್ತೇನೆ. ಈಗ ಬೆಲೆ ಹೇಗೆ ಇಡುವುದು ಹೇಳಿ. ಮಣಿ ಸರಕ್ಕೆ ಸಾಮಾನಿನ ಬೆಲೆ ದುಪ್ಪಟ್ಟು ಮಾಡಿ ಹೇಳುತ್ತಿದ್ದೆ.

ತಿಪಟೂರು ಕೈಕೆಲಸ

ದುಪ್ಪಟ್ಟಿನ ಲೆಕ್ಕ ಬೆಳ್ಳಿಗೆ ಬೇಡ. ಬೆಳ್ಳಿ ದರ ಏರಿದ ದಿನ ನಿಮ್ಮ ಶ್ರಮದ ಬೆಲೆಯೂ ಸುಮ್ನೆ ಏರಿದ ಹಾಗೆ ಕಾಣುತ್ತದೆ, ಇಳಿದ ದಿನ ನಿಮ್ಮ ಹೊಟ್ಟೆ ಮೇಲೆ ಹೊಡೆಯುತ್ತದೆ. ಬೆಳ್ಳಿಯನ್ನು ಆ ದಿನದ ದರಕ್ಕೆ ಬರೆಯಿರಿ, ಅರ ಹಾಕಿದಾಗ ಹೋಗುವ ಪುಡಿಯ ಸವೆತ ಸೇರಿಸಿ. ಆ ಪುಡಿಯನ್ನು ಗುಡಿಸಿ ಡಬ್ಬಿಯಲ್ಲಿ ಇಡಿ, ಸೇರಿದ ಮೇಲೆ ಕರಗಿಸಬಹುದು. ಹರಳು ಕೊಂಡ ಬೆಲೆಗೆ. ಅಕ್ಕಸಾಲಿಗರ ದಿನಗೂಲಿ ಬೇರೆ, ನಿಮ್ಮ ಗಂಟೆಗಳು ಬೇರೆ, ಬರೆಯಲು ಕೂತ ಹೊತ್ತೂ ಅದರಲ್ಲಿ ಬರಬೇಕು. ಡಬ್ಬಿ, ಕೊರಿಯರ್, ಬೆಂಗಳೂರಿನ ಬಸ್ ಚಾರ್ಜು. ಇದೆಲ್ಲ ಕೂಡಿದ ಮೇಲೆ ಲಾಭ. ಅಂಗಡಿಗೆ ಕೊಟ್ಟು ಮಾರಿಸುವ ಯೋಚನೆ ಇದ್ದರೆ ಅವರ ಪಾಲನ್ನೂ ಈಗಲೇ ಇಡಿ, ಆಮೇಲೆ ಬೆಲೆ ಏರಿಸುವುದು ಕಷ್ಟ.

ಗಿರಾಕಿ "ಅಂಗಡಿಯಲ್ಲಿ ಇಷ್ಟೇ ತೂಕದ್ದು ಅರ್ಧ ಬೆಲೆಗೆ ಸಿಗುತ್ತೆ" ಅಂತ ಹೇಳಿಯೇ ಹೇಳುತ್ತಾರೆ. ಬೇಜಾರು ಮಾಡಿಕೊಳ್ಳದೆ ಬಿಲ್ಲಿನಲ್ಲಿ ಬೆಳ್ಳಿ ಇಷ್ಟು, ಹರಳು ಇಷ್ಟು, ಕೆಲಸ ಇಷ್ಟು ಅಂತ ಬಿಡಿಸಿ ತೋರಿಸಿ. ನನ್ನ ಅನುಭವದಲ್ಲಿ ಬಿಡಿಸಿ ತೋರಿಸಿದಾಗ ಚೌಕಾಸಿ ಕಡಿಮೆಯಾಗಿದೆ.

ಇನ್ನೊಂದು, 925 (92.5 ಬೆಳ್ಳಿಯ ಗುರುತು) ಅಂತ ನೀವೇ ಅಚ್ಚು ಗುದ್ದಿದರೆ ಅದು ಹಾಲ್‌ಮಾರ್ಕ್ ಆಗುವುದಿಲ್ಲ. ಹಾಲ್‌ಮಾರ್ಕ್ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪಿದ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಬೀಳುವುದು. ಹಾಲ್‌ಮಾರ್ಕ್ ಇಲ್ಲದ್ದಕ್ಕೆ "92.5 ಬೆಳ್ಳಿ, ನಾವೇ ಬೆರೆಸಿದ್ದು" ಅಥವಾ "ತಗಡು ಕೊಂಡದ್ದು" ಅಂತ ಬಿಲ್ಲಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ತಗಡು ಕೊಂಡ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಿ.